ಮಾಸ್ತರರ ಕಾರಿನ ಹಸಿರು ಇಂಜಿನ್

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಕೊನೆಯ ವರ್ಷ ಅರ್ಧ ದಿನ ಹತ್ತಿ ಬಿಡಿಸಲು ಹೋಗುತ್ತಿದ್ದೆ. ಆದ್ದರಿಂದ ಇದರಲ್ಲಿ ಚಂದದ ಮಾತು ಹುಡುಕಬೇಡಿ. ರಂಗಂಪೇಟೆಯ ಒಂದು ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಹಳೆಯ ಕಾರುಗಳ ಇಂಜಿನ್ ಭಾಗಗಳಿಗೆ ಮೊದಲಿದ್ದ ಬಣ್ಣವನ್ನೇ ಮತ್ತೆ ಹಚ್ಚುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಮೊಣಕಾಲು ಬೇಡ ಅಂದವು, ಬಿಟ್ಟೆ. ಈಗ ನಮ್ಮ ಕಡೆಯ ಹುಡುಗಿಯರೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಬಂದವರು ನನ್ನ ಮನೆಗೂ ಬಂದು, ಚಹಾ ಕುಡಿದು, "ಆಯಿ, ಈ ಕೆಲಸ ಹೆಂಗದ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ, ಮಾತು ನನ್ನವೇ.

ಹಳೆ ಕಾರನ್ನು ಹೊರಗಿನಿಂದ ನೋಡಿ ಹೋಗುವವರು ಬೇರೆ. ಅದರ ಹುಚ್ಚು ಹಿಡಿದವರು ಬಾನೆಟ್ ಎತ್ತುತ್ತಾರೆ. ಒಳಗೆ ಒಂದೊಂದಕ್ಕೂ ಒಂದೊಂದು ಬಣ್ಣ. ಇಂಜಿನ್‌ನ ಗಟ್ಟಿ ಒಡಲಿಗೆ ಒಂದು, ಫ್ಯಾನಿಗೆ ಒಂದು, ಗಾಳಿ ಸೋಸುವ ಡಬ್ಬಿಗೆ ಇನ್ನೊಂದು. ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು. ಹೆಚ್ಚು ಹೊಳೆದರೂ ತಪ್ಪು, ಕಡಿಮೆ ಹೊಳೆದರೂ ತಪ್ಪು. ಹೊಳಪು ಹೆಚ್ಚಾದರೆ ನೋಡುವವರು "ಹೊಸ ಬಕೆಟ್ ಆಗ್ಯಾದ" ಎಂದು ನಗುತ್ತಾರೆ.

ನಾನು ಸೇರಿದ್ದು ಬಣ್ಣಕ್ಕಲ್ಲ, ತೊಳೆಯುವುದಕ್ಕೆ. ಅಗಲವಾದ ತಗಡಿನ ಪರಾತ, ಅದರ ತುಂಬ ಚಿಮಣಿ ಎಣ್ಣೆ, ಕೈಯಲ್ಲಿ ತಂತಿಯ ಬ್ರಷ್ಷು. ಬಿಚ್ಚಿದ ಭಾಗಗಳ ಕಿಟ್ಟ ತಿಕ್ಕಿ ತೆಗೆಯಬೇಕು. ಮೂರು ವರ್ಷ ತಿಕ್ಕಿದೆ. ಬೆರಳ ಸಂದಿ ಬಿರಿದು, ಮನೆಯಲ್ಲಿ ರೊಟ್ಟಿ ಬಡಿದರೆ ಮಕ್ಕಳು ಮೂಸಿ ನೋಡಿ ತಟ್ಟೆ ದೂಡುತ್ತಿದ್ದರು. ಗ್ಯಾರೇಜು ಖಾಸಿಂ ಉಸ್ತಾದರದು. ಕೆಲಸಗಾರ ಮನುಷ್ಯ, ಬಾಯಿ ಮಾತ್ರ ಸೈಲೆನ್ಸರ್ ಇಲ್ಲದ ಲಾರಿ. ಒಂದು ದಿನ ಅವರು ಟ್ಯೂಬ್‌ಲೈಟಿನ ಕೆಳಗೆ ನಿಂತು ಬೂದು ಬಣ್ಣ ಹೊಂದಿಸುತ್ತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ.

"ಉಸ್ತಾದ್, ಅದನ್ನ ಹೊರಗ ಒಯ್ದು ನೋಡ್ರಿ."

"ಯಾಕ? ಇಲ್ಲಿ ಬೆಳಕಿಲ್ಲೇನು?"

"ಸೀರಿಗಿ ಕುಪ್ಪಸದ ಖಣ ತಗೋವಾಗ ನಿಮ್ಮ ಮನಿಯಾಕಿ ಅಂಗಡಿ ಒಳಗ ನಿಂತು ತಗೋತಾರೇನ್ರಿ? ರಸ್ತೆಗಿ ತಂದು ನೋಡ್ತಾರ. ಇಲ್ಲಂದ್ರ ಮನಿಗಿ ಹೋದ ಮ್ಯಾಲ ಅಂಗಡಿಯವನ ವಂಶನೇ ಬೈತಾರ."

ಗೊಣಗುತ್ತ ಹೊರಗೆ ಒಯ್ದರು. ಒಳಗೆ ಒಂದೇ ಥರ ಇದ್ದ ಎರಡು ಬೂದು, ಬಿಸಿಲಿಗೆ ಬಂದಾಗ ಒಂದು ಒಲೆಯ ಬೂದಿ, ಇನ್ನೊಂದು ಬದನೆಕಾಯಿ. ಉಸ್ತಾದ್ ನನ್ನನ್ನೂ ಡಬ್ಬಿಯನ್ನೂ ನೋಡಿದರು. ಮರುವಾರ ಬಣ್ಣ ಕಲಸುವ ಮೇಜಿನ ಮುಂದೆ ನನ್ನನ್ನು ಕೂಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಒಂದೇ ಒಂದ್ ಇಂಜಿನ್ ಬಣ್ಣ ಖರಾಬ್ ಆದ್ರ ವಾಪಸ್ ಪರಾತಿಗಿ. ನೆನಪಿರ್ಲಿ."

ಆ ಮಾತು ನನ್ನ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಸುಳ್ಳು ಯಾಕೆ ಹೇಳಲಿ, ನನಗೆ ಆ ಮೇಜು ಬೇಕಾಗಿತ್ತು. ಅಲ್ಲಿ ಕೂತರೆ ಜನ ಹೆಸರು ಹಿಡಿದು ಕರೆಯುತ್ತಿದ್ದರು. ಪರಾತಿನ ಮುಂದೆ ಕೂತಾಗ "ಏ, ತೊಳಿಯಾಕಿ" ಎನ್ನುತ್ತಿದ್ದರು.

ಈಗ ಕೆಲಸ ಕಲಿಯಿರಿ. ಡಬ್ಬಿಯೊಳಗಿನ ಹಸಿ ಬಣ್ಣವನ್ನು ನಂಬಬೇಡಿ, ಒಣಗಿದ ಮೇಲೆ ಅದು ಬೇರೆಯೇ ಆಗಿರುತ್ತದೆ. ತಗಡಿನ ಪಟ್ಟಿಗೆ ಹಚ್ಚಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಹಳೆ ಭಾಗದ ಪಕ್ಕ ಹಿಡಿದು ನೋಡಿ. ಬಾಗಿಲ ನೆರಳಲ್ಲಿ ನಿಂತು ನೋಡಿ, ಬೆಳಗಿನ ಹತ್ತರ ಹೊತ್ತಿಗೆ. ಸಂಜೆ ಬೆಳಕಿನಲ್ಲಿ ನೋಡಬೇಡಿ, ಆಗ ಎಲ್ಲವೂ ಚಂದ ಕಾಣುತ್ತವೆ, ನಾನೂ ಕಾಣುತ್ತಿದ್ದೆ. ಬಹಳ ಹೊತ್ತು ದಿಟ್ಟಿಸಬೇಡಿ. ಕಣ್ಣು ಸೋತರೆ ಹೌದೌದು ಅನ್ನತೊಡಗುತ್ತದೆ. ಸ್ವಲ್ಪ ಹೊತ್ತು ಬರೀ ಗೋಡೆ ನೋಡಿ ಮತ್ತೆ ಬನ್ನಿ. ಇನ್ನೊಂದು, ಹೊಗೆ ಹೋಗುವ ಕೊಳವೆಗೆ ಬೆಂಕಿ ತಡೆಯುವ ಬಣ್ಣವೇ ಬೇಕು. ನಾನು ಮೊದಲ ವರ್ಷ ಮಾಮೂಲಿ ಬಣ್ಣ ಹಚ್ಚಿದ್ದೆ. ಇಂಜಿನ್ ಚಾಲೂ ಮಾಡಿದ ಕೂಡಲೇ ಗ್ಯಾರೇಜೆಲ್ಲ ಹೊಗೆ. ಬೆಂಕಿ ಬಿತ್ತೆಂದು ಪಕ್ಕದ ಚಹಾದಂಗಡಿಯವನು ಒಂದು ಕೊಡ ನೀರು ತಂದು ಸುರಿದ, ಇಂಜಿನ್ ಮೇಲಲ್ಲ, ಉಸ್ತಾದರ ಮೇಲೆ. ಆ ಸಲ ಪರಾತಿಗೆ ಹೋಗದೆ ಉಳಿದೆ, ಯಾಕೆಂದರೆ ಉಸ್ತಾದರಿಗೆ ಬೈಯಲು ನನಗಿಂತ ಮೊದಲು ಅವನು ಸಿಕ್ಕ.

ಎಲ್ಲಕ್ಕಿಂತ ದೊಡ್ಡ ಪಾಠ ಇದು. ಮೂಲ ಬಣ್ಣವನ್ನು ಕಣ್ಣಿಗೆ ಕಾಣುವಲ್ಲಿ ಹುಡುಕಬೇಡಿ. ಬೋಲ್ಟ್ ಬಿಗಿದು ಮುಚ್ಚಿಹೋದ ಜಾಗದಲ್ಲಿ ಹುಡುಕಿ. ಬಿಗಿದ ಪಟ್ಟಿಯ ಕೆಳಗೆ, ಕಂಪನಿ ಹೆಸರಿನ ತಗಡಿನ ಫಲಕದ ಹಿಂದೆ. ಅಲ್ಲಿಗೆ ಎಣ್ಣೆ, ಧೂಳು, ಬಿಸಿ ಯಾವುದೂ ಹೋಗಿರುವುದಿಲ್ಲ. ಇದನ್ನು ಎಲ್ಲರಿಗೂ ಹೇಳುತ್ತಿದ್ದವಳು ನಾನು. ತಪ್ಪಿದವಳೂ ನಾನೇ. ಹೇಗೆ ಅಂತ ಹೇಳುತ್ತೇನೆ.

ಶಹಾಪುರದ ಬಸವಂತರಾಯ ಮಾಸ್ತರರ ಬಳಿ ಒಂದು ವಿಲಾಯತಿ ಕಾರಿತ್ತು. ಅವರಪ್ಪ ಗುತ್ತೇದಾರರು, ಆ ಕಾಲದಲ್ಲಿ ಹೈದರಾಬಾದಿನಿಂದ ತಂದದ್ದು. ಹೈದರಾಬಾದಿನಲ್ಲಿ ಹಳೆ ಕಾರುಗಳನ್ನು ಸೇರಿಸಿ, ಬಾನೆಟ್ ಎತ್ತಿ, ಟಾರ್ಚು ಬಿಟ್ಟು ಪರೀಕ್ಷೆ ಮಾಡುವ ಒಂದು ಕೂಟ ನಡೆಯುತ್ತದೆ. ಮಾಸ್ತರರು ಒಮ್ಮೆ ಒಯ್ದಿದ್ದರು. ಪರೀಕ್ಷಕರು ಇಂಜಿನ್‌ನ ತುಕ್ಕು ನೋಡಿ ಬಾನೆಟ್ ಮುಚ್ಚಿ ಮುಂದೆ ಹೋದರಂತೆ. ಇನ್ನೊಮ್ಮೆ ಒಯ್ಯಬೇಕೆಂದು ನಮ್ಮಲ್ಲಿಗೆ ತಂದರು.

"ನಾ ಮೂವತ್ತೈದು ವರ್ಷ ಹುಡುಗರ ಪೇಪರ್ ತಿದ್ದೀನಿ, ಭೀಮವ್ವ," ಅಂದರು. "ಎರಡು ಸಲ ಫೇಲಾದವ್ರಿಗಿ ಏನೇನ್ ಬೈದೀನಿ ಅಂತ ನನಗೇ ಗೊತ್ತದ. ಈ ಸಲ ಪಾಸ್ ಮಾಡಸವ್ವ."

ಇಂಜಿನ್ ಬಿಚ್ಚಿದೆವು. ಕಿಟ್ಟ ತೊಳೆದ ಮೇಲೆ ಒಳಗಿನಿಂದ ಎಳೆ ಹೆಸರುಕಾಯಿಯಂಥ ಹಸಿರು ಬಂತು. ಬಿಗಿದ ಜಾಗ ಹುಡುಕಿದೆ. ಫಲಕ ಯಾವಾಗಲೋ ಬಿದ್ದುಹೋಗಿತ್ತು, ಅದರ ಜಾಗದಲ್ಲಿ ತುಕ್ಕು. ಉಳಿದದ್ದು ಡೈನಮೋ ಕೂರುವ ಕಬ್ಬಿಣದ ತೊಟ್ಟಿಲು. ಡೈನಮೋವನ್ನು ತೊಟ್ಟಿಲ ಸಮೇತ ತಂತಿ ಸುತ್ತಿಸಲು ಕಲಬುರಗಿಗೆ ಕಳಿಸಿದ್ದರು. ಅದು ಬರುವ ತನಕ ಕಾಯಬೇಕಿತ್ತು.

ಅಷ್ಟರಲ್ಲಿ ಯಾದಗಿರಿಯ ಬಣ್ಣದಂಗಡಿಯವರು ಒಂದು ಯಂತ್ರ ತಂದು ತೋರಿಸಿದರು. ಬಣ್ಣದ ಮೇಲೆ ಇಟ್ಟು ಒತ್ತಿದರೆ ಸಾಕು, ಯಾವ ಬಣ್ಣಕ್ಕೆ ಯಾವುದು ಎಷ್ಟು ಕಲಸಬೇಕೆಂದು ಹೇಳುತ್ತದೆ. ಇಂಜಿನ್ ಮೇಲೆ ಇಟ್ಟರು, ಒತ್ತಿದರು, ಅದು ಹೇಳಿದಂತೆ ಕಲಸಿ ಪಟ್ಟಿಗೆ ಹಚ್ಚಿದರು. ನಾನು ಮೊದಲೇ ಕಣ್ಣಂದಾಜಿನಲ್ಲಿ ಕಲಸಿ ಹಚ್ಚಿದ್ದ ಪಟ್ಟಿಯ ಪಕ್ಕ ಇಟ್ಟರೆ ಯಾವುದು ಯಾರದೆಂದು ಗೊತ್ತಾಗಲಿಲ್ಲ.

"ಯಂತ್ರ ಸೈತ ಭೀಮವ್ವನ ಮಾತೇ ಹೇಳಾಕತ್ತಾದ!" ಎಂದು ಉಸ್ತಾದ್ ಎಲ್ಲರಿಗೂ ಚಹಾ ತರಿಸಿದರು.

ನನ್ನ ತಲೆ ಕುಂಬಳಕಾಯಿ ಆಯಿತು. ಇನ್ನು ತೊಟ್ಟಿಲು ಯಾಕೆ ನೋಡಬೇಕು? ಬಣ್ಣ ಬಿಡಿಸುವ ಔಷಧಿ ಹಚ್ಚಿ ಹಳೆಯದನ್ನೆಲ್ಲ ಕೆರೆದೆವು. ಅದು ಎಣ್ಣೆ, ಕಿಟ್ಟದ ಜೊತೆ ಸೇರಿ ಕೆಸರಾಗಿ ಬರುತ್ತದೆ, ಅದರಲ್ಲಿ ಯಾವ ಬಣ್ಣವೂ ತಿಳಿಯದು. ಹೊಸ ಹಸಿರು ಹೊಡೆದು, ಒಣಗಿಸಿ, ಕೂಡಿಸಿಬಿಟ್ಟೆವು. ಮಾಸ್ತರರು ಬಂದು ಮೂರು ಸುತ್ತು ತಿರುಗಿ ನೋಡಿ ಮೊಬೈಲಿನಲ್ಲಿ ಹತ್ತು ಫೋಟೋ ತೆಗೆದುಕೊಂಡು ಹೋದರು.

ಕೂಟಕ್ಕೆ ಎಂಟು ದಿನ ಇರುವಾಗ ಡೈನಮೋ ಬಂತು. ತೊಟ್ಟಿಲಿಗೂ ಹಸಿರು ಹೊಡೆದರೆ ಕೆಲಸ ಮುಗಿಯಿತು. ಡೈನಮೋವನ್ನು ಅದಕ್ಕೆ ಬಿಗಿದಿದ್ದ ಪಟ್ಟಿ ಬಿಚ್ಚಿದೆ. ಪಟ್ಟಿಯ ಕೆಳಗೆ ಬೆರಳಗಲದ ಜಾಗ ನೀಲಿ. ಶಾಲೆ ಮಕ್ಕಳ ಅಂಗಿಯಂಥ ತಿಳಿ ನೀಲಿ. ಪಟ್ಟಿಯ ಆಚೆ ಈಚೆ ಅದೇ ಹೆಸರುಕಾಯಿ ಹಸಿರು.

ಒಂದೇ ಕಬ್ಬಿಣ, ಒಂದೇ ದಿನ ಬಣ್ಣ ಕಂಡದ್ದು. ಮುಚ್ಚಿದ್ದು ನೀಲಿ, ತೆರೆದದ್ದು ಹಸಿರು. ಹಸಿರಿನ ಮೇಲೆ ಥಿನ್ನರ್ ಅದ್ದಿದ ಬಿಳಿ ಬಟ್ಟೆ ಒರೆಸಿದೆ. ಬಟ್ಟೆಗೆ ಹಸಿರು ಬರಲಿಲ್ಲ, ಹಳದಿ ಬಂತು. ಆಗ ಹೊಳೆಯಿತು. ಬಟ್ಟೆ ಒಗೆಯುವ ಸಾಬೂನನ್ನು ನೀರಿನಲ್ಲಿ ಅದ್ದಿ ಆ ಹಳದಿಯ ಮೇಲೆ ತಿಕ್ಕಿದೆ. ಕೆಂಪಾಯಿತು. ಅರಿಶಿಣದ ಕಲೆಗೆ ಸಾಬೂನು ಮುಟ್ಟಿದರೆ ಕೆಂಪಾಗುತ್ತದೆಂದು ಸೀರೆ ಒಗೆದ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಯಂತ್ರವನ್ನು ಕೇಳಿದರೆ ಹೇಳುವುದಿಲ್ಲ. ನಾವು ಇಂಜಿನ್ ತೊಳೆಯುವುದು ಎಣ್ಣೆಯಲ್ಲಿ, ಸಾಬೂನಿನಲ್ಲಲ್ಲ, ಹಾಗಾಗಿ ಮೊದಲೇ ಕೆಂಪು ಕಾಣಲಿಲ್ಲ.

ದಸರೆಯಲ್ಲಿ ಖಂಡೆ ಪೂಜೆಗೆ ಎಲ್ಲರೂ ಗಾಡಿಗೆ ಅರಿಶಿಣ ಕುಂಕುಮ ಹಚ್ಚುತ್ತಾರೆ. ಆದರೆ ಬೊಟ್ಟಿಡುತ್ತಾರೆ, ಅಷ್ಟೇ. ಈ ಇಂಜಿನ್‌ಗೆ ಯಾರೋ ವರ್ಷ ವರ್ಷವೂ ಮೈತುಂಬ ಹಚ್ಚಿದ್ದರು. ನೀಲಿಯ ಮೇಲೆ ಅರಿಶಿಣ, ಅದರ ಮೇಲೆ ಇಂಜಿನ್‌ನ ಕಾವು. ಹಸಿರಾಗದೆ ಇನ್ನೇನು? ಅರಿಶಿಣ ಕುಡಿದ ನೀಲಿಯನ್ನು ಹಸಿರೆಂದು ಓದಿದವರು ಇಬ್ಬರು, ನಾನು ಮತ್ತು ಯಂತ್ರ. ಬೈಸಿಕೊಳ್ಳಬೇಕಾದವಳು ಮಾತ್ರ ಒಬ್ಬಳೇ.

ಹಸಿರು ಡಬ್ಬಿ ಪಕ್ಕದಲ್ಲೇ ಇತ್ತು. ತೊಟ್ಟಿಲಿಗೆ ಎರಡು ಕೈ ಹಚ್ಚಿದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬ್ರಷ್ ಅದ್ದಿದೆ ಕೂಡ. ಆಮೇಲೆ ಮಾಸ್ತರರು ಹೈದರಾಬಾದಿನಲ್ಲಿ ಬಾನೆಟ್ ಎತ್ತಿ ನಿಂತಂತೆ ಕಂಡಿತು, ಟಾರ್ಚು ಹಿಡಿದವನು "ಈ ಬಣ್ಣ ಎಲ್ಲಿಂದ ತಂದ್ರಿ?" ಎಂದು ಕೇಳಿದಂತೆ ಕೇಳಿಸಿತು. ಪುಣ್ಯಕ್ಕಾಗಿ ಹೇಳಿದೆ ಅಂದುಕೊಳ್ಳಬೇಡಿ. ಅಲ್ಲಿ ಬಯಲಾಗಿ ಬರುವುದಕ್ಕಿಂತ ಇಲ್ಲಿ ಬಯಲಾಗುವುದು ಅಗ್ಗ ಅನಿಸಿತು. ಬ್ರಷ್ ಒರೆಸಿಟ್ಟು ತೊಟ್ಟಿಲು ಹಿಡಿದುಕೊಂಡು ಹೋದೆ.

"ಉಸ್ತಾದ್, ಅದು ನೀಲಿ ಅದರಿ."

"ಯಾವ್ದು?"

"ಮಾಸ್ತರ ಇಂಜಿನ್. ನಾ ಹಸಿರು ಹಚ್ಚೀನಿ."

ಉಸ್ತಾದ್ ತೊಟ್ಟಿಲನ್ನು ಬಾಗಿಲಿಗೆ ಒಯ್ದು, ಹೊರಳಿಸಿ ಹೊರಳಿಸಿ ಬಹಳ ಹೊತ್ತು ನೋಡಿದರು. "ಎಲ್ಲಿ?" ಅಂದರು. ಬೆರಳಿಟ್ಟು ತೋರಿಸಿದೆ. "ಹೂಂ" ಅಂದರು. ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯ ಆಯಿತು. ಫೋನ್ ಮಾಡಿ ಮಾಸ್ತರರನ್ನು ಕರೆಸಿದರು.

ಮಾಸ್ತರರ ಜೊತೆ ಹೆಂಡತಿ ಶಾಂತಮ್ಮನವರೂ ಬಂದರು. ನಾನು ಸಾಬೂನು ತಿಕ್ಕಿ ಕೆಂಪು ತೋರಿಸಿ ಎಲ್ಲ ಹೇಳಿದೆ. ಮಾಸ್ತರರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು.

"ಹಿಂಗ ಯಾಕ್ ನೋಡ್ತೀರಿ?" ಅಂದರು ಶಾಂತಮ್ಮನವರು. "ಹೌದು, ನಾನೇ ಹಚ್ಚೀನಿ. ನಮ್ಮತ್ತಿ ಹೇಳಿ ಹೋಗ್ಯಾರ, ಮದಿಮಗಳಿಗಿ ಹಚ್ಚಿದಂಗ ಹಚ್ಚು ಅಂತ. ಒಂದ್ ಬಟ್ಟಲ ಅರಿಶಿಣ ಎಣ್ಣ್ಯಾಗ ಕಲಸಿ, ಕೈ ಹೋದಲ್ಲೆಲ್ಲಾ ಹಚ್ಚೀನಿ. ಅದಕ್ಕೇ ನಿಮ್ಮ ಕಾರು ಒಂದ್ ದಿನನೂ ದಾರ್ಯಾಗ ನಿಂತಿಲ್ಲ."

"ನಿಂತಿಲ್ಲ? ಮೂರ್ ಸಲ ನಾನೇ ದಬ್ಬೀನಿ!"

"ಆ ಮೂರೂ ವರ್ಷ ದಸರಾಕ್ಕ ನಾ ತವರಿಗಿ ಹೋಗಿದ್ದೆ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ನಗುವ ಜಾಗದಲ್ಲಿ ನಾನಿರಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

"ಭೀಮವ್ವ, ಹಸಿರೂ ಛಲೋನೇ ಕಾಣಾಕತ್ತಿತ್ತು. ಖರೆ ಬಣ್ಣ ನೀಲಿ ಅಂತ ತಿಳಿದ ಮ್ಯಾಲ ನಾ ಹೆಂಗ ಹಸಿರು ಒಯ್ಲಿ? ಎಂಟ್ ದಿನದಾಗ ಆಗ್ತದೇನು?"

"ಆಗ್ತದ್ರಿ," ಅಂದರು ಉಸ್ತಾದ್, ನಾನು ಬಾಯಿ ತೆರೆಯುವ ಮೊದಲೇ. ಅವರು ಹೋದ ಮೇಲೆ ನನ್ನ ಮುಖ ನೋಡದೆ, "ಬಿಚ್ಚಿದ್ದೆಲ್ಲಾ ನೀ ತೊಳಿ. ಬಣ್ಣ ನಾ ನೋಡ್ಕೋತೀನಿ" ಅಂದರು.

ಅಲ್ಲಿಗೆ ಆಯಿತು. ಸೆರಗು ಸಿಗಿಸಿ ಪರಾತಿನ ಮುಂದೆ ಕೂತೆ. ಅಷ್ಟು ವರ್ಷ ಮೇಜಿನ ಮುಂದೆ ಕೂತಿದ್ದ ಸೊಂಟ ಆ ಕುಕ್ಕುರುಗಾಲಿಗೆ ಒಗ್ಗಲಿಲ್ಲ. ನಾನೇ ಹೊಡೆದ ಹಸಿರನ್ನು ನಾನೇ ಕೆರೆದೆ. ಚೆನ್ನಾಗಿ ಹಿಡಿದಿತ್ತು, ಸುಲಭಕ್ಕೆ ಬಿಡಲಿಲ್ಲ. ಅದಕ್ಕೂ ನನ್ನನ್ನೇ ಬೈದುಕೊಂಡೆ.

ಎರಡು ದಿನ ಉಸ್ತಾದ್ ಮೇಜಿನ ಮುಂದೆ ಕೂತು ನೀಲಿ ಕಲಸಿದರು. ಮೊದಲ ಪಟ್ಟಿ ಒಣಗಿತು. ನನ್ನ ಜಾಗದಿಂದಲೇ ಕಾಣುತ್ತಿತ್ತು, ಅದು ಗಿಳಿಯ ರೆಕ್ಕೆ. ಎರಡನೆಯದು ಬಾಟಲಿ ಗಾಜು. ಮೂರನೆಯದನ್ನು ತೊಟ್ಟಿಲಿನ ಪಕ್ಕ ಹಿಡಿದು, "ಬರಾಬರ್" ಎಂದು ತಲೆಯಾಡಿಸಿದರು. ಅದು ನವಿಲುಗರಿ. ಬಾಯಿ ಮುಚ್ಚಿಕೊಂಡಿರು ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ಕೇಳಲಿಲ್ಲ.

"ಉಸ್ತಾದ್, ಅದು ಬರಾಬರ್ ಇಲ್ರಿ. ಅದರಾಗ ಹಳದಿ ಬಿದ್ದಾದ."

"ನೀ ತೊಳಿ."

"ತೊಳಿಯಾಕತ್ತೇನಿ. ಆದ್ರ ಅದನ್ನ ಹೊಡದ್ರ ಮತ್ತ ನಾನೇ ತೊಳೀಬೇಕಾಗ್ತದ, ಅದಕ್ಕ ಹೇಳಾಕತ್ತೇನಿ."

ಉಸ್ತಾದ್ ಎದ್ದು ಬಂದರು. ಬೈಗುಳಕ್ಕೆ ತಯಾರಾಗಿ ಬ್ರಷ್ ಕೆಳಗಿಟ್ಟೆ. ಅವರು ಅತ್ತ ಇತ್ತ ನೋಡಿ, ಊಟಕ್ಕೆ ಹೋದವರು ಯಾರೂ ತಿರುಗಿ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪರಾತಿನ ಪಕ್ಕ ಕುಕ್ಕರಿಸಿದರು.

"ಭೀಮವ್ವ, ಯಾರಿಗೂ ಹೇಳಬ್ಯಾಡ. ನನಗ ನೀಲಿ, ಹಸಿರು ಎರಡೂ ಒಂದೇ ಕಾಣಾಕತ್ತಾವ."

"ಯಾವಾಗಿಂದ್ರಿ?"

"ಎಂಟ್ ವರ್ಷ ಆತು."

"ಎಂಟ್ ವರ್ಷ?"

"ಹತ್ತೂ ಆಗಿರಬೇಕು. ನೀ ಹೌದು ಅಂದಿದ್ದಕ್ಕೆಲ್ಲಾ ನಾ ಹೌದು ಅಂತಿದ್ದೆ."

ನನ್ನ ಪಿತ್ತ ನೆತ್ತಿಗೇರಿತು. "ಮತ್ತ ಇಷ್ಟ್ ವರ್ಷ ಪರಾತಿಗಿ ಕಳಸ್ತೀನಿ, ಪರಾತಿಗಿ ಕಳಸ್ತೀನಿ ಅಂತ ನನ್ನ ಜೀವ ತಿಂದ್ರಲ್ಲಾ? ನಾ ಹೋಗಿದ್ರ ಬಣ್ಣ ಯಾರ್ ಕಲಸ್ತಿದ್ರು?"

"ಯಾರಿಲ್ಲ," ಅಂದರು ಉಸ್ತಾದ್. "ಅದಕ್ಕೇ ಅಂದಿದ್ದು. ಉಸ್ತಾದ್ ಅಂದ ಮ್ಯಾಲ ಜರಾ ಹೆದರಿಕಿ ಇರಬೇಕಲ್ಲ."

"ಮತ್ತ ಈಗ ಯಾಕ ಕಳಿಸಿದ್ರಿ?"

"ಎಲ್ಲಾರ ಮುಂದ ಹೇಳೀನಿ. ಎರಡ್ ದಿನಾನೂ ಕೂಡಸಲಿಲ್ಲಂದ್ರ ನನ್ನ ಮಾತಿಗಿ ಏನ್ ಕಿಮ್ಮತ್ತು? ಏಳು. ಕೈ ತೊಳಕೊಂಡು ಬಾ. ಆರ್ ದಿನ ಉಳದಾವ."

ಅವರ ಕಣ್ಣಿಗೆ ಪೊರೆ ಬಂದಿತ್ತು. ಆಮೇಲೆ ನಾನೂ ಅವರ ಮನೆಯಾಕೆಯೂ ಸೇರಿ ದಬ್ಬಿಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದವರು ಮೊದಲು ಕೇಳಿದ್ದು, "ನನ್ನ ಗ್ಯಾರೇಜ್ ಇಷ್ಟ್ ಹೊಲಸ್ ಅದಾ?" ಅಂತ. ಯಾರಿಗೂ ಹೇಳಬೇಡ ಅಂದದ್ದನ್ನು ತಿಂಗಳೊಳಗೆ ಅವರೇ ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಹೇಳಿದರು. ಇಲ್ಲದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ.

ನೀಲಿಗೆ ಏಳು ಪಟ್ಟಿ ಹಿಡಿಯಿತು. ಬಿಳಿ ಹೆಚ್ಚಾದರೆ ಶಾಲೆಯ ಗೋಡೆ ಆಗುತ್ತಿತ್ತು, ಕರಿ ಒಂದು ಹನಿ ಹೆಚ್ಚಾದರೆ ಪೊಲೀಸ್ ಜೀಪು. ಯಂತ್ರವನ್ನೂ ಕರೆಸಿದೆ, ಈ ಸಲ ಅದನ್ನು ತೊಟ್ಟಿಲಿನ ಮೇಲೆ, ಬಿಗಿದ ಪಟ್ಟಿಯ ಕೆಳಗಿದ್ದ ಬೆರಳಗಲದ ಜಾಗದಲ್ಲೇ ಇಡಿಸಿದೆ. ಅದು ಹೇಳಿದ್ದು ಸರಿಯಾಗಿಯೇ ಇತ್ತು, ಹೊಳಪು ಮಾತ್ರ ಜಾಸ್ತಿ, ಅದನ್ನು ನಾನು ಇಳಿಸಿದೆ. ಹುಡುಗಿಯರೇ, ಯಂತ್ರವನ್ನು ಹೀಗಳೆಯಬೇಡಿ. ಎಲ್ಲಿ ಇಡಬೇಕೆಂದು ಅದಕ್ಕೆ ಗೊತ್ತಿಲ್ಲ, ಅದನ್ನು ನೀವು ತಿಳಿದಿರಬೇಕು. ನನಗೆ ಗೊತ್ತಿದ್ದೂ ಇಡಲಿಲ್ಲ, ನನ್ನದು ಅದಕ್ಕಿಂತ ದೊಡ್ಡ ತಪ್ಪು.

ಇಂಜಿನ್ ಕೂಡಿಸಿ ಮುಗಿಸಿದಾಗ ಕೂಟಕ್ಕೆ ಒಂದು ದಿನ ಉಳಿದಿತ್ತು. ಮಾಸ್ತರರು ಒಯ್ದರು. ಆ ಭಾನುವಾರ ಗ್ಯಾರೇಜಿಗೆ ರಜೆ, ಆದರೂ ನಾನೂ ಉಸ್ತಾದರೂ ಏನೋ ನೆಪ ಮಾಡಿಕೊಂಡು ಬಂದು ಕೂತಿದ್ದೆವು. ಅವರು ಬೋಲ್ಟ್ ಬಿಚ್ಚುವ ಪಾನಾ ಎಣಿಸುತ್ತಿದ್ದರು, ನಾನು ಖಾಲಿ ಡಬ್ಬಿ ಜೋಡಿಸುತ್ತಿದ್ದೆ. ಮಧ್ಯಾಹ್ನ ನನ್ನ ಫೋನ್ ಬಡಿಯಿತು.

ಮಾಸ್ತರರು ಹೇಳಿದ್ದು ಉದ್ದ, ಇಲ್ಲಿ ಗಿಡ್ಡ ಮಾಡಿದ್ದೇನೆ. ಪರೀಕ್ಷಕ ಬಾನೆಟ್ ಎತ್ತಿಸಿದನಂತೆ. ಟಾರ್ಚು ಬಿಟ್ಟು ಒಂದೊಂದೇ ಭಾಗ ನೋಡಿದನಂತೆ. ತೊಟ್ಟಿಲ ಹತ್ತಿರ ಬಗ್ಗಿ ಬಹಳ ಹೊತ್ತು ನಿಂತನಂತೆ, ಮಾಸ್ತರರು ಅಷ್ಟು ಹೊತ್ತೂ ಉಸಿರು ಹಿಡಿದಿದ್ದರಂತೆ. ಹಾರ್ನ್ ಆ ಕಾಲದ್ದಲ್ಲ ಎಂದು ಬರೆದುಕೊಂಡನಂತೆ. ಆಮೇಲೆ ಬಾನೆಟ್ ಮುಚ್ಚಿ, ಪಾಸಾದ ಕಾರುಗಳ ಸಾಲಿಗೆ ಇದನ್ನೂ ನಿಲ್ಲಿಸಲು ಹೇಳಿದನಂತೆ.

ಫೋನ್ ಇಟ್ಟೆ. ಉಸ್ತಾದ್ ಪಾನಾ ಎಣಿಸುವುದನ್ನು ಬಿಟ್ಟು ಕೂತಿದ್ದರು.

"ಬಣ್ಣಕ್ಕ ಏನಂದನಂತ?"

"ಏನೂ ಅನ್ಲಿಲ್ಲಂತ್ರಿ."

"ಒಂದ್ ಮಾತೂ ಇಲ್ಲ?"

"ಒಂದ್ ಮಾತೂ ಇಲ್ಲ."

ಉಸ್ತಾದರ ಮುಖದ ಮೇಲೆ ಅಂಥ ನಗು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಹಂಗಾದ್ರ ಬರಾಬರ್ ಆಗ್ಯಾದ," ಅಂದರು. "ನಾಳಿ ಒಂದ್ ಜೀಪ್ ಬರಾಕತ್ತಾದ. ಲಗೂನ ಬಾ."